ಷಡ್ಡಕನ ಹತ್ತಿ, ನನ್ನ ಯೂರಿಯಾ

ನಮ್ಮ ತಂಬ್ರಹಳ್ಳಿ ಕಡೆ ಹತ್ತಿ ಹಾಕಿದವರು ತಮ್ಮ ಹೊಲಕ್ಕಿಂತ ಪಕ್ಕದ ಹೊಲ ನೋಡುವುದೇ ಹೆಚ್ಚು. ಹಾಗಾಗಿ ಇಂಥ ಫಜೀತಿಗಳಿಗೆ ಯಾವ ವರ್ಷವೂ ಕೊರತೆಯಿಲ್ಲ.

ನನ್ನ ಪಕ್ಕದ ಹೊಲ ನನ್ನ ಷಡ್ಡಕನದು. ಅಕ್ಕತಂಗಿಯರಿಬ್ಬರನ್ನೂ ಒಂದೇ ಊರಿಗೆ ಕೊಟ್ಟಿದ್ದರಿಂದ ನಮ್ಮಿಬ್ಬರ ನಡುವೆ ಇರುವುದು ಒಂದು ಬದು ಮಾತ್ರ. ಕಾರ್ತಿಕದಲ್ಲಿ ನಮ್ಮ ಅತ್ತೆ ಹಂಪಸಾಗರದಿಂದ ಬಂದು, ಎರಡೂ ಹೊಲ ತಿರುಗಾಡಿ, ಯಾವುದು ಚೆಂದವೋ ಆ ಹೊಲದಿಂದ ದೀಪದ ಬತ್ತಿಗೆ ಹತ್ತಿ ಬಿಡಿಸಿಕೊಳ್ಳುತ್ತಾರೆ. ಆ ಬತ್ತಿ ಯಾವಾಗಲೂ ಷಡ್ಡಕನ ಹೊಲದ್ದೇ. ಈ ಸಲ ನನ್ನದೇ ಆಗಬೇಕು ಅಂತ ಹಠ ಹಿಡಿದೆ. ಹೊಟ್ಟೆಕಿಚ್ಚಾ ಅಂತ ಕೇಳಿದರೆ, ಹೌದು, ಹೊಟ್ಟೆಕಿಚ್ಚೇ.

೧. ಒಂದು ಚೀಲ ಜಾಸ್ತಿ

ಹಗರಿಬೊಮ್ಮನಹಳ್ಳಿಯ ಗೊಬ್ಬರದ ಅಂಗಡಿಗೆ ಹೋಗಿ, "ನಮ್ಮ ಷಡ್ಡಕ ಏನು ಒಯ್ದಾನ?" ಅಂತ ಕೇಳಿದೆ.

"ಯೂರಿಯಾ, ಪೊಟ್ಯಾಶ್ ಎರಡೂ ತೂಗಿಸಿ ಒಯ್ದಾರ್ರಿ. ಯೂರಿಯಾ ಗಿಡ ಎಬ್ಬಸ್ತೈತಿ, ಪೊಟ್ಯಾಶ್ ಕಾಯಿ ತುಂಬಸ್ತೈತಿ. ನೀವೂ ಹಂಗ ಒಯ್ರಿ" ಅಂದರು ಅಂಗಡಿಯವರು.

ಅವನು ಹಾಕಿದಂತೆ ನಾನು ಹಾಕುವುದೇ? "ಪೊಟ್ಯಾಶ್ ಬ್ಯಾಡ. ಯೂರಿಯಾ ಅವಂಗಿಂತ ಒಂದು ಚೀಲ ಜಾಸ್ತಿ ಕೊಡ್ರಿ" ಅಂದೆ.

ಅವರು ನಕ್ಕುಬಿಟ್ಟರು. "ಚಲೋ ಜೋಡಿ ಅದೀರಿ ಬಿಡ್ರಿ. ಅವರೂ ಬಂದ ಕೂಡ್ಲೇ ಕೇಳಿದ್ದು, ನಮ್ಮಣ್ಣಾರು ಏನು ಒಯ್ದಾರ ಅಂತ!"

೨. ಹುಳಗಳ ಮೆಚ್ಚುಗೆ

ದಸರೆಯ ಹೊತ್ತಿಗೆ ನನ್ನ ಹತ್ತಿ ಕಪ್ಪು ಹಸಿರಾಗಿ ನನ್ನ ತಲೆ ಮೀರಿ ನಿಂತಿತು. ಷಡ್ಡಕನದು ಸೊಂಟದ ಮಟ್ಟ. ಕುಡುಗೋಲು ಹುಡುಕುವ ನೆಪದಲ್ಲಿ ದಿನವೂ ಬದುವಿನ ಮೇಲೆ ಮೀಸೆ ತಿರುವುತ್ತಾ ಓಡಾಡಿದೆ.

ಹೆಂಡತಿ ಬಂದು ನೋಡಿದಳು. "ಗಿಡ ಚೆಂದ ಅದಾವ್ರಿ. ಕಾಯಿ ಎಲ್ಲಿ?"

"ಒಳಗ ಅದಾವ."

ಅವಳು ಎರಡು ಗಿಡ ಬಗ್ಗಿಸಿ ಹುಡುಕಿ, ನಾಲ್ಕು ಕಾಯಿ ಕಂಡು, ತಂಗಿಯ ಹೊಲದ ಕಡೆ ನೋಡಿದಳು. ಮೈಯೆಲ್ಲ ಉರಿದುಹೋಯಿತು. ಮೇಲಿಂದ ಆ ವಾರವೇ ರಸ ಹೀರುವ ಜಿಗಿಹುಳ ಬಿದ್ದವು, ಅದೂ ನನ್ನ ಎಳೆ ಎಲೆಗಳಿಗೇ. ಅವನ ಹೊಲ ಬಿಟ್ಟು ನನ್ನದನ್ನು ಮೆಚ್ಚಿದ ಜೀವಗಳು ಅವು ಮಾತ್ರ.

೩. ದಾರಿ ತಪ್ಪಿದ ಪೊಟ್ಯಾಶ್

ಕೊನೆಗೆ ಸೋತು, ಯಾರಿಗೂ ಹೇಳದೆ ಪೊಟ್ಯಾಶ್ ತಂದೆ. ಹೆಣ್ಣಾಳುಗಳು ಬುಟ್ಟಿ ಹಿಡಿದು ನನ್ನ ಹೊಲದೊಳಗೆ ಹೋದರು. ಆಮೇಲೆ ಒಬ್ಬರೂ ಕಾಣಲಿಲ್ಲ, ಬರೀ ಮಾತು ಕೇಳುತ್ತಿತ್ತು. ಸಂಜೆ "ಮುಗೀತ್ರಿ" ಅಂತ ಬಂದಾಗ ಹೋಗಿ ನೋಡಿದರೆ, ಕೆಂಪು ಗೊಬ್ಬರ ಷಡ್ಡಕನ ಗಿಡಗಳ ಬುಡದಲ್ಲಿ ಬಿದ್ದಿದೆ!

"ಯವ್ವಾ, ಅದು ಅವನ ಹೊಲ!" ಅಂತ ಬಡಕೊಂಡೆ.

"ನಾವೇನು ಮಾಡಾನ್ರಿ? ನಿಮ್ಮ ಹೊಲದಾಗ ಹೊಕ್ರ ದಿಕ್ಕ ತಿಳಿಯವಲ್ದು. ಬೆಳಕು ಕಂಡ ಕಡಿ ಹಾಕ್ಕೊಂತ ಹೋದ್ವಿ."

ಬದುವಿನಾಚೆಯಿಂದ ಷಡ್ಡಕ ಕೈಮುಗಿದ. "ಅಣ್ಣಾರ, ಭಾಳ ಉಪಕಾರ ಆತ್ರಿ!"

೪. ಬತ್ತಿ

ಕಾರ್ತಿಕದಲ್ಲಿ ಅತ್ತೆ ಬಂದರು. ಮೊದಲು ನನ್ನ ಹೊಲಕ್ಕೇ ಕರಕೊಂಡು ಹೋದೆ. ಅವರು ಒಳಗೆ ಹೊಕ್ಕು, ಬಹಳ ಹೊತ್ತಾದ ಮೇಲೆ ಸೆರಗಿಗೆ ಅಂಟಿದ ಎಲೆ ಕೊಡವುತ್ತಾ ಬರಿಗೈಯಲ್ಲಿ ಹೊರಬಂದರು. "ಅಳಿಯಂದ್ರ, ಗಿಡ ಭಾಳ ಚಲೋ ಬಂದಾವ. ಇದನ್ನ ಕಡಿದ ಮ್ಯಾಲೆ ಹತ್ತಿ ಹಾಕ್ತೀರೇನು?"

ಸೀದಾ ಬದು ದಾಟಿ, ಬೆಳ್ಳಗೆ ಒಡೆದು ನಿಂತಿದ್ದ ಷಡ್ಡಕನ ಹತ್ತಿಯನ್ನು ಮಡಿಲು ತುಂಬ ಬಿಡಿಸಿಕೊಂಡರು. ಮತ್ತೆ ಅವನದೇ ಬತ್ತಿ. ನನಗೆ ಅಳುವೊಂದೇ ಬಾಕಿ.

ಆಗ ಷಡ್ಡಕ ಮೆಲ್ಲಗೆ ನನ್ನ ಹತ್ತಿರ ಬಂದ. ಮುಖ ಸಪ್ಪಗಿತ್ತು. "ಅಣ್ಣಾರ, ಒಂದು ಮಾತು. ಊರ ಮಂದಿಯೆಲ್ಲ ನಿಂತು ನಿಮ್ಮ ಗಿಡದ ಎತ್ತರಾನ ನೋಡ್ತಿದ್ರು. ನನ್ನವನ್ನ ಯಾರೂ ನೋಡವಲ್ರು. ಹೊಟ್ಟಿಕಿಚ್ಚಿಗೆ ನಿನ್ನೆ ಒಂದು ಚೀಲ ಯೂರಿಯಾ ಹಾಕಿಬಿಟ್ಟೀನಿ. ಏನೂ ಆಗಂಗಿಲ್ಲ ಅಲ್ರಿ?"

ಬಿರಿದ ಹತ್ತಿಗೆ ಯೂರಿಯಾ! ಉಳಿದ ಕಾಯಿ ತುಂಬುವುದನ್ನು ಬಿಟ್ಟು ಗಿಡ ಮತ್ತೆ ಚಿಗುರುತ್ತದೆ, ಜಿಗಿಹುಳಗಳೂ ಬದು ದಾಟುತ್ತವೆ. ಎಷ್ಟೋ ವರ್ಷದ ಮೇಲೆ ಹೊಟ್ಟೆ ತಣ್ಣಗಾಯಿತು. ಅವನ ಹೆಗಲ ಮೇಲೆ ಪ್ರೀತಿಯಿಂದ ಕೈ ಹಾಕಿದೆ.

"ಒಂದು ಚೀಲ ಎಲ್ಲಿ ಸಾಲ್ತೈತಿ ತಮ್ಮಾ? ಇನ್ನೊಂದು ಹಾಕು. ಇಲ್ಲಾಂದ್ರ ಹೇಳು, ನಂದ ಕೊಡ್ತೀನಿ."