ಹೊಳೆಯಬಾರದಿದ್ದ ಬಂದೂಕು

ಮನುಷ್ಯ ಬೇಡದ ವಸ್ತುವೊಂದನ್ನು ಮನೆಗೆ ತಂದರೆ ಅದು ದುಂದು. ಅದೇ ಬಗೆಯ ಎರಡನೆಯದನ್ನು ತಂದರೆ ಅದು ಸಂಗ್ರಹ. ನಾನು ಎರಡನೆಯದನ್ನು ತರಲಾಗದೆ ಉಳಿದುಹೋದವನು. ಹಾಗೆಂದು ನನ್ನಲ್ಲಿ ಸಂಗ್ರಹಕಾರನ ಲಕ್ಷಣಗಳು ಇರಲಿಲ್ಲ ಎಂದು ಯಾರೂ ತಿಳಿಯಬಾರದು. ಮೈಸೂರಿನಲ್ಲಿ ಹುಡುಗನಾಗಿದ್ದಾಗ ಬೆಂಕಿಪೊಟ್ಟಣದ ಚಿತ್ರಗಳನ್ನು ತಾರೀಕು ಹಾಕಿ ಅಂಟಿಸುತ್ತಿದ್ದೆ. ಅದು ಬೇಸರವಾದ ಮೇಲೆ ಸಿಟಿ ಬಸ್ಸಿನ ಟಿಕೆಟ್ಟುಗಳಿಗೆ ಬಂದೆ. ನೈರೋಬಿಗೆ ಗಣಿತ ಮೇಷ್ಟರಾಗಿ ಬಂದಾಗ ಇಲ್ಲಿಯ ಮಟಾಟು ಎಂಬ ಬಾಡಿಗೆ ವ್ಯಾನುಗಳಲ್ಲಿ ಟಿಕೆಟ್ಟನ್ನೇ ಕೊಡುವುದಿಲ್ಲವೆಂದು ತಿಳಿದು, ಕೆಲಸ ಕಳೆದುಕೊಂಡವನಂತೆ ಕೆಲವು ತಿಂಗಳು ಸಪ್ಪಗಿದ್ದೆ. ಆಗ ನನಗೆ ಹಲ್ಲುನೋವು ಬಂತು.

ಹಲ್ಲುನೋವು ನನ್ನನ್ನು ಲ್ಯಾವಿಂಗ್ಟನ್ ಬಡಾವಣೆಯ ಪಿಂಟೊ ಡಾಕ್ಟರ ಮನೆಗೆ ಕರೆದೊಯ್ದಿತು. ಅವರು ಮಂಗಳೂರು ಕಡೆಯವರು, ನಾನು ಹುಟ್ಟುವ ಮೊದಲೇ ಇಲ್ಲಿಗೆ ಬಂದು ನೆಲೆಸಿದ್ದವರು. ವೃತ್ತಿ ಬಿಟ್ಟಿದ್ದರೂ ಕನ್ನಡದವರ ಹಲ್ಲು ಎಂದರೆ ಇಲ್ಲವೆನ್ನುತ್ತಿರಲಿಲ್ಲ. ಅವರ ಕುರ್ಚಿಯಲ್ಲಿ ಬಾಯಿ ತೆರೆದು ಕುಳಿತವನಿಗೆ ಎದುರು ಗೋಡೆಯ ಮೇಲೆ ಐದು ಹಳೆಯ ಬಂದೂಕುಗಳು ಕಾಣುತ್ತಿದ್ದವು. ಎಲ್ಲವೂ ಹತ್ತೊಂಬತ್ತನೆಯ ಶತಮಾನದ ಸೈನ್ಯದ ಬಂದೂಕುಗಳು, ಎಲ್ಲವೂ ಲಿವರಿನವು. ಬೆರಳಿನಿಂದ ಎಳೆಯುವ ಕುದುರೆಯ ಹಿಂದೆ, ಮರದ ಹಿಡಿಗೆ ಅಂಟಿದಂತೆ ಒಂದು ಕಬ್ಬಿಣದ ಸಲಾಕೆ. ಅದನ್ನು ಕೆಳಕ್ಕೆ ಎಳೆದರೆ ಬಂದೂಕಿನ ಬೆನ್ನು ಬಾಯಿಬಿಡುತ್ತದೆ, ಗುಂಡನ್ನು ಇಟ್ಟು ಮೇಲಕ್ಕೆ ಒತ್ತಿದರೆ ಮುಚ್ಚಿಕೊಳ್ಳುತ್ತದೆ. ಐದರ ನಳಿಗೆಗಳಿಗೂ ಎಂದೋ ಬೆಸುಗೆ ಹಾಕಿಸಿ, ಸರ್ಕಾರಕ್ಕೆ ತೋರಿಸಿ, ಕಾಗದಪತ್ರ ಸರಿಮಾಡಿಸಿ ಇಟ್ಟಿದ್ದರು. ಇನ್ನು ಅವುಗಳಿಂದ ಯಾರನ್ನಾದರೂ ನೋಯಿಸಬೇಕೆಂದರೆ ಕಾಲಿನ ಮೇಲೆ ಬೀಳಿಸಬೇಕಷ್ಟೆ.

ಹಲ್ಲು ಹೋಯಿತು, ನಾನು ಮಾತ್ರ ಅಲ್ಲಿಗೆ ಹೋಗುವುದನ್ನು ಬಿಡಲಿಲ್ಲ. ಶನಿವಾರಗಳಂದು ಲಿವರನ್ನು ಎಳೆದು ಬಿಡುವ ಆ ಟಕ್ ಶಬ್ದ ಕೇಳಿ ಬರದಿದ್ದರೆ ವಾರ ಮುಗಿದಂತಾಗುತ್ತಿರಲಿಲ್ಲ. ನನ್ನ ಮನೆಯಲ್ಲಿ ಪ್ರತಿಯೊಂದು ಬಂದೂಕಿಗೂ ಒಂದು ಕಾರ್ಡು, ಕಟ್ಟಲು ಚೀಟಿ ಮತ್ತು ದಾರ, ಅಳೆಯಲು ಉಕ್ಕಿನ ಪಟ್ಟಿ, ಒರೆಸಲು ಮೆತ್ತನೆಯ ಬಟ್ಟೆ ಎಲ್ಲವನ್ನೂ ಹೊಂದಿಸಿಕೊಂಡೆ. ಸಂಗ್ರಹವೊಂದನ್ನು ಬಿಟ್ಟು ಸಂಗ್ರಹಕಾರನಿಗೆ ಬೇಕಾದದ್ದೆಲ್ಲ ನನ್ನ ಬಳಿ ಇತ್ತು. ಅದೂ ಬರುವ ಹಾಗೆ ಕಂಡದ್ದು ತೊಂಬತ್ತೊಂದರ ಸೆಪ್ಟೆಂಬರಿನಲ್ಲಿ. ಪಿಂಟೊ ಅಂಕಲ್ ವರ್ಷದ ಕೊನೆಗೆ ಮಂಗಳೂರಿಗೆ, ಮಗಳ ಮನೆಗೆ ಹೊರಟಿದ್ದರು. ಬಂದೂಕುಗಳನ್ನು ಒಯ್ಯುವಂತಿರಲಿಲ್ಲ, ಬಿಡಿಬಿಡಿಯಾಗಿ ಮಾರಲು ಮನಸ್ಸಿರಲಿಲ್ಲ. ಐದನ್ನೂ ಒಟ್ಟಿಗೆ ನೋಡಿಕೊಳ್ಳುವವರು ಬೇಕಿತ್ತು. ನಾನು ಬಾಯಿಬಿಟ್ಟು ಕೇಳಿದೆ. ಅವರು ಗೋಡೆಯಿಂದ ಒಂದನ್ನು ಇಳಿಸಿ ನನ್ನ ಕೈಗಿಟ್ಟರು.

"ಒಂದು ತಿಂಗಳು ಇಟ್ಕೋ ಮಾರಾಯ. ಮತ್ತೆ ನೋಡುವ."

"ನಾನು ಏನೇನು ಮಾಡಬೇಕು ಅಂಕಲ್?"

"ಎಂತದೂ ಮಾಡ್ಬೇಡ. ಅದೇ ಕಷ್ಟ ಇರುವುದು."

ಅವರು ಕೊಟ್ಟ ಬಂದೂಕಿನ ನಳಿಗೆ ನೂರು ವರ್ಷದ ಗಾಳಿಗೆ ಮಾಗಿ ಚಿಕೋರಿ ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಆ ಕಂದುಬಣ್ಣವೇ ಅದರ ಬೆಲೆ, ಅದನ್ನು ಕೆರೆದರೆ ಉಳಿಯುವುದು ಕಬ್ಬಿಣದ ಕೊಳವೆ ಎಂದು ಅಂಕಲ್ ಹೇಳುತ್ತಿದ್ದರು. ಭುಜಕ್ಕೆ ಆನಿಸುವ ಮರದ ಭಾಗದ ಮೇಲೆ, ಮಾಸಿದ ಬಿಳಿ ಬಣ್ಣದಲ್ಲಿ ಒಂದು ಪುಟ್ಟ ಹಕ್ಕಿ ಇತ್ತು. ಯಾವನೋ ಸಿಪಾಯಿ, ಎಲ್ಲಿಯೋ ಬಿಡಾರದಲ್ಲಿ ಹೊತ್ತು ಹೋಗದೆ ಬರೆದದ್ದು. ಅವನ ಹೆಸರಿಲ್ಲ, ಊರಿಲ್ಲ, ಹಕ್ಕಿ ಮಾತ್ರ. ಕಿಲೆಲೆಶ್ವಾದ ನನ್ನ ಫ್ಲಾಟಿಗೆ ತಂದ ದಿನವೇ ಬಂದೂಕಿನ ಉದ್ದ, ತೂಕ, ಲಿವರಿನ ಅಗಲ, ತಿರುಪುಗಳ ಸಂಖ್ಯೆ ಎಲ್ಲವನ್ನೂ ದಿನಚರಿಯಲ್ಲಿ ಬರೆದುಕೊಂಡೆ. ಹಕ್ಕಿಯ ಬಗ್ಗೆ 'ಒಂದು ಹಕ್ಕಿ' ಎಂದು ಬರೆದೆ.

ಆಗ ಮನೆಯಲ್ಲಿ ಅಮ್ಮ ಇದ್ದಳು. ಮಗ ಮದುವೆಗೆ ಒಪ್ಪುತ್ತಿಲ್ಲವೇಕೆ ಎಂದು ಖುದ್ದಾಗಿ ತನಿಖೆ ನಡೆಸಲು ಮೈಸೂರಿನಿಂದ ಬಂದಿದ್ದಳು. ಹಾಲಿನ ಗೋಡೆಯ ಮೇಲೆ ಬಂದೂಕು ಕಂಡೊಡನೆ ಅವಳ ತನಿಖೆ ಮುಗಿಯಿತು. "ಇದನ್ನ ನೋಡಿ ಯಾರು ಕಣೋ ಹೆಣ್ಣು ಕೊಡ್ತಾರೆ? ಇಟ್ಕೊಳ್ಳೋದೇ ಆದ್ರೆ ಚೊಕ್ಕಟವಾಗಿರೋದನ್ನಾದ್ರೂ ಇಟ್ಕೋಬಾರದಾ?" ಎಂದಳು. ಅದು ಕೊಳೆಯಲ್ಲ, ಮಾಗಿದ ಬಣ್ಣ ಎಂದು ವಿವರಿಸಿದೆ. "ನಮ್ಮನೆ ಒಗ್ಗರಣೆ ಸೌಟೂ ಮಾಗಿತ್ತು, ನಾನು ತಿಕ್ಕೋವರೆಗೆ" ಎಂದಳು.

ಅಷ್ಟರಲ್ಲಿ ಆಯುಧಪೂಜೆ ಬಂತು. ಇಲ್ಲಿ ನನ್ನ ಬುದ್ಧಿ ಕೆಟ್ಟಿತು. ನೈರೋಬಿಯ ಕನ್ನಡದ ಮನೆಗಳಲ್ಲಿ ಆ ದಿನ ಕಾರು, ಟೈಪ್‌ರೈಟರ್, ಮಿಕ್ಸಿ ಇವಕ್ಕೆ ಹೂವು ಏರಿಸುತ್ತಾರೆ. ನಿಜವಾದ ಆಯುಧ ಇರುವುದು ನಮ್ಮ ಮನೆಯಲ್ಲಿ ಮಾತ್ರ ಎಂಬ ಹೆಮ್ಮೆ ತಲೆಗೇರಿ, ಬಂದೂಕನ್ನೇ ಮಧ್ಯದಲ್ಲಿಡುವುದೆಂದು ತೀರ್ಮಾನಿಸಿದೆ. ಪಿಂಟೊ ಅಂಕಲ್ ಅವರನ್ನು ಊಟಕ್ಕೂ ಕರೆದೆ. ಬೆಳಿಗ್ಗೆ ನಾನು ಬಂದೂಕಿನ ಪಕ್ಕ ಇಡಬೇಕಾದ ಕಾರ್ಡನ್ನು ಗುಂಡಗಿನ ಅಕ್ಷರದಲ್ಲಿ ಬರೆಯುತ್ತಿದ್ದಾಗ ಅಮ್ಮ ಬಂದು, "ಪೂಜೆಗೆ ಇಡೋದನ್ನೆಲ್ಲ ಒರೆಸಿ ಇಡ್ಲಾ?" ಎಂದು ಕೇಳಿದಳು. "ಹೂಂ, ನೀರು ತಾಗಿಸಬೇಡ" ಎಂದೆ, ತಲೆ ಎತ್ತದೆ. ಆಮೇಲೆ ಒಡೆಯಲು ಬೂದುಗುಂಬಳ ಹುಡುಕಿಕೊಂಡು ಹೊರಟೆ. ನೈರೋಬಿಯಲ್ಲಿ ಬೂದುಗುಂಬಳ ಹುಡುಕುವುದೆಂದರೆ ಅರ್ಧ ದಿನದ ಕೆಲಸ. ಕೊನೆಗೆ ಸಿಹಿಗುಂಬಳ ಹಿಡಿದು ವಾಪಸ್ಸು ಬಂದಾಗ, ಬಂದೂಕು ಹೊಸ ಸ್ಟೀಲು ಪಾತ್ರೆಯಂತೆ ಫಳಫಳ ಹೊಳೆಯುತ್ತ, ಹಣೆಗೆ ಕುಂಕುಮವಿಟ್ಟುಕೊಂಡು ಕುಳಿತಿತ್ತು.

"ಏನಮ್ಮಾ ಇದು?"

"ನೀರು ತಾಗಿಸಿಲ್ಲ" ಎಂದಳು ಅಮ್ಮ. "ಕೆಳಗಡೆ ಕಾವಲು ಕಾಯ್ತಾನಲ್ಲ, ಅವನ ಇದ್ದಿಲ ಒಲೆಯಿಂದ ಬೂದಿ ಇಸ್ಕೊಂಡು ಬಂದೆ. ತೆಂಗಿನ ನಾರು, ಬೂದಿ, ಕೊನೆಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ. ಭುಜ ಬಿದ್ದುಹೋಯ್ತು. ಅವನ ಭಾಷೇಲೇ ಥ್ಯಾಂಕ್ಸ್ ಹೇಳೋಣ ಅಂತ ಅಸಾಂಟೆ ಅಂದೆ, ನಕ್ಕ."

ನಾನು ಬಂದೂಕನ್ನು ತಿರುಗಿಸಿ ನೋಡಿದೆ. ಮರ ತುಪ್ಪ ಸವರಿದಂತೆ ಮಿರುಗುತ್ತಿತ್ತು. ಹಕ್ಕಿ ಇರಲಿಲ್ಲ. ಆಗ ನಾನು ಆಡಿದ ಮಾತುಗಳನ್ನು ದಿನಚರಿಯಲ್ಲಿ ಬರೆದಿಲ್ಲ. ಹಬ್ಬದ ದಿನ, ಮಡಿಸೀರೆ ಉಟ್ಟು ನಿಂತ ತಾಯಿಗೆ ಆಡುವ ಮಾತುಗಳಲ್ಲ ಅವು. ಅವಳು ಬೂದಿ ಹತ್ತಿದ ಉಗುರುಗಳನ್ನು ಸೆರಗಿನಲ್ಲಿ ಒರೆಸಿಕೊಂಡಳು. ಪಿಂಟೊ ಅಂಕಲ್ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

ಒಳಗೆ ಬಂದು ಅವರು ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ಹಕ್ಕಿ ಇದ್ದ ಜಾಗದ ಮೇಲೆ ಹೆಬ್ಬೆರಳಾಡಿಸಿದರು. ಬೈಯಲಿಲ್ಲ. ಬೈದಿದ್ದರೆ ಐದೂ ಇನ್ನೂ ಸಿಗಬಹುದೆಂಬ ಆಸೆಯಾದರೂ ಉಳಿಯುತ್ತಿತ್ತು.

"ಹಕ್ಕಿ ಎತ್ತ ನೋಡ್ತಿತ್ತು, ನೆನಪುಂಟಾ ನಿನಗೆ?" ಎಂದು ನನ್ನನ್ನು ಕೇಳಿದರು. "ನನಗೀಗ ಕಣ್ಣು ಸಾಲದು. ಬಣ್ಣ ಇದೆ ಅಂತ ಮಾತ್ರ ಗೊತ್ತಾಗ್ತಿತ್ತು ಇತ್ತೀಚೆಗೆ."

ತಿರುಪು ಎಷ್ಟೆಂದು ಕೇಳಿದ್ದರೆ ನಿದ್ದೆಯಲ್ಲೂ ಹೇಳುತ್ತಿದ್ದೆ. ಹಕ್ಕಿ ಎತ್ತ ನೋಡುತ್ತಿತ್ತು? ನಾನು ಬಾಯಿ ತೆರೆದು ಕುಳಿತೆ, ಅವರ ಕುರ್ಚಿಯಲ್ಲಿ ಕುಳಿತಂತೆ.

"ಎಡಗಡೆಗೆ, ಡಾಕ್ಟ್ರೇ" ಎಂದಳು ಅಮ್ಮ, ಅಡುಗೆಮನೆಯ ಬಾಗಿಲಿನಿಂದ. "ಒಂದೇ ಕಾಲು. ಬಾಲ ಮೂರು ಗೆರೆ. ನವಿಲು ಬರೆಯಕ್ಕೆ ಹೋಗಿ ಬಣ್ಣ ಸಾಲದೆ ಬಿಟ್ಟಿದಾನೆ ಅನ್ಸುತ್ತೆ, ಪಾಪ. ಉಜ್ಜುವಾಗ ಕೈ ಬರ್ಲಿಲ್ಲ. ಆದ್ರೆ ದೇವರ ಮುಂದೆ ಗೀಚಿದ್ದು ಇಡೋದು ಹೇಗೆ ಅಂತ..."

"ಬರೆದು ತೋರಿಸ್ತೀರಾ ಅಮ್ಮ?" ಎಂದರು ಅಂಕಲ್.

ಅಮ್ಮ ರಂಗೋಲಿ ಡಬ್ಬಿ ತಂದು, ಪೂಜೆಯ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತು, ಕೆಂಪು ನೆಲದ ಮೇಲೆ ಬರೆದಳು. ಕೊಕ್ಕು, ಬೆನ್ನು, ಒಂಟಿ ಕಾಲು, ಮೂರು ಗೆರೆಯ ಬಾಲ. ಪಿಂಟೊ ಅಂಕಲ್ ಕನ್ನಡಕ ಏರಿಸಿ, ಮೊಣಕಾಲೂರಿ, ಮುಖ ನೆಲಕ್ಕೆ ತಾಗುವಷ್ಟು ಬಾಗಿ ನೋಡಿದರು. "ಅದೇ" ಎಂದರು. "ನಾನು ಇದನ್ನ ಮೊದಲು ಕಂಡಾಗ ಹೀಗೇ ಇತ್ತು ಮಾರಾಯ." ಆಮೇಲೆ ಅವರು ನಮ್ಮ ಮನೆಯ ಹೋಳಿಗೆಯನ್ನು ಎರಡು ಸಲ ಹಾಕಿಸಿಕೊಂಡು ಉಂಡರು. ಹೊರಡುವಾಗ ಬಂದೂಕನ್ನು ನನ್ನ ಕೈಗಲ್ಲ, ಅಮ್ಮನ ಕೈಗೆ ಕೊಟ್ಟರು. "ಇದು ನಿಮಗೆ ಅಮ್ಮ. ಕಾಗದ ಇವನ ಹೆಸರಿಗೆ ಮಾಡಿಸ್ತೇನೆ, ಆದ್ರೆ ಬಂದೂಕು ನಿಮ್ಮದು." ಉಳಿದ ನಾಲ್ಕರ ಮಾತೆತ್ತಲಿಲ್ಲ. ಅವು ಡಿಸೆಂಬರಿನಲ್ಲಿ ಬೇರೊಬ್ಬರ ಗೋಡೆ ಸೇರಿದವು. ಅವನ್ನು ಪಡೆದವರು ಒಂಟಿ ಮನುಷ್ಯರೆಂದೂ ಯಾವ ಪೂಜೆಯನ್ನೂ ಮಾಡುವವರಲ್ಲವೆಂದೂ ಕೇಳಿದ್ದೇನೆ.

ಆದರೆ ನಾಲ್ಕು ಬಂದೂಕಿಗಿಂತ ನನ್ನನ್ನು ಹೆಚ್ಚು ಕಾಡುವುದು ನೆಲದ ಮೇಲಿನ ಹಕ್ಕಿ. ಆ ಸಂಜೆ ಅದು ಅಲ್ಲೇ ಇತ್ತು. ಪೆನ್ನು ನನ್ನ ಜೇಬಿನಲ್ಲಿತ್ತು, ದಿನಚರಿ ಮೇಜಿನ ಮೇಲಿತ್ತು. ಸಿಟ್ಟು ಇಳಿದಿರಲಿಲ್ಲವಾದ್ದರಿಂದ ನಾನು ಆ ಕಡೆ ನೋಡದೆ ಓಡಾಡಿದೆ. ಮಾರನೆಯ ಬೆಳಿಗ್ಗೆ ಕುಂಬಳದ ಚೂರು, ಹೂವು, ರಂಗೋಲಿ ಎಲ್ಲವನ್ನೂ ಸೇರಿಸಿ ಗುಡಿಸಿದವನು ನಾನೇ. ಬಹಳ ಅಚ್ಚುಕಟ್ಟಾಗಿ, ಮೂಲೆಗಳನ್ನೂ ಬಿಡದೆ. ಎರಡು ವರ್ಷದ ಮೇಲೆ, ಅಮ್ಮ ಮೈಸೂರಿನಲ್ಲಿದ್ದಾಗ, ಫೋನಿನಲ್ಲಿ ಹೇಗೋ ಬಾಯಿಬಿಟ್ಟು ಆ ಹಕ್ಕಿಯನ್ನು ಒಂದು ಕಾಗದದ ಮೇಲೆ ಬರೆದು ಕಳಿಸಮ್ಮಾ ಎಂದೆ. "ಯಾವ ಹಕ್ಕಿಯೋ?" ಎಂದಳು. ನೆನಪು ಮಾಡಿದೆ. "ಅಯ್ಯೋ, ಆವತ್ತು ಕೈಗೆ ಬಂದಿತ್ತು, ಬರೆದೆ. ಈಗೆಲ್ಲಿ ಬರುತ್ತೆ? ಬಂದೂಕು ಹೇಗಿದೆ ಹೇಳು. ಈ ಸಲ ತಿಕ್ಕಿದೆ ತಾನೆ?"

ತಿಕ್ಕಿದ್ದೆ. ಪ್ರತಿ ವರ್ಷವೂ ತಿಕ್ಕುತ್ತೇನೆ. ಬಂದೂಕು ಅವಳದು, ಹಬ್ಬದ ದಿನ ಅವಳು ಫೋನು ಮಾಡುತ್ತಾಳೆ, ಆವತ್ತು ಆಡಿದ ಮಾತುಗಳ ಮೇಲೆ ಸುಳ್ಳನ್ನೂ ಹೇರುವ ಧೈರ್ಯ ನನಗಿಲ್ಲ. ಹೀಗಾಗಿ, ಹಳೆಯ ಬಂದೂಕನ್ನು ಮುಟ್ಟಬಾರದೆಂದು ಬಲ್ಲ ನಾನೇ ನಾರು ಮತ್ತು ಬೂದಿ ಹಿಡಿದು ಆ ನಳಿಗೆಯನ್ನು ವರ್ಷಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ಸವೆಸುತ್ತಿದ್ದೇನೆ. ಹೋದ ಹಬ್ಬದಲ್ಲಿ ಗಿಗಿರಿಯ ಕಚೇರಿಯೊಂದರಲ್ಲಿ ಕೆಲಸ ಮಾಡುವ ಬೆಂಗಳೂರಿನ ಹುಡುಗನೊಬ್ಬ ಊಟಕ್ಕೆ ಬಂದಿದ್ದ. ಬಂದೂಕನ್ನು ನೋಡಿ, "ಸೂಪರ್ ಸರ್, ಡಿಟ್ಟೋ ಹಳೇದರ ಥರಾನೇ ಮಾಡಿದಾರೆ. ಒಂದೇ ಯಾಕೆ ಇಟ್ಕೊಂಡಿದೀರ? ನಾಲ್ಕೈದು ಇದ್ದಿದ್ರೆ ಗೋಡೆ ತುಂಬ ಚೆನ್ನಾಗಿರ್ತಿತ್ತು" ಎಂದ. ಅದು ಅಸಲಿ ಎಂದು ಹೇಳಲು ಹೊರಟು ಸುಮ್ಮನಾದೆ. ಬೆಳಿಗ್ಗೆಯಿಂದ ತಿಕ್ಕಿ ತಿಕ್ಕಿ ಬಲಭುಜ ಮೇಲೇಳುತ್ತಿರಲಿಲ್ಲ. ಪಿಂಟೊ ಅಂಕಲ್ ಆ ದಿನ ಮನಸ್ಸು ಮಾಡಿ ಐದನ್ನೂ ಕೊಟ್ಟುಬಿಟ್ಟಿದ್ದರೆ ನನ್ನ ಗತಿ ಏನಾಗುತ್ತಿತ್ತೋ ಎಂದು ಮೊದಲ ಸಲ ಯೋಚಿಸುತ್ತ, ಹುಡುಗನಿಗೆ ಎಡಗೈಯಿಂದಲೇ ಹೋಳಿಗೆ ಬಡಿಸಿದೆ.