ಜಿಂಕೆ ಬೇಟೆಗೊಂದು ಅಡಿಷನಲ್ ಶೀಟು

ಪರೀಕ್ಷೆ ಎಂದರೆ ಜನಕ್ಕೆ ಹೊಟ್ಟೆ ತೊಳಸುತ್ತದೆ, ನನಗೆ ಹಸಿವಾಗುತ್ತದೆ. ಇದು ಹೆಮ್ಮೆಯೂ ಹೌದು, ಕಾಯಿಲೆಯೂ ಹೌದು. ನನ್ನ ಅಪ್ಪ ಗದಗಿನ ಒಂದು ಕಾಲೇಜಿನಲ್ಲಿ ಜವಾನನಾಗಿದ್ದ. ಪರೀಕ್ಷೆಯ ಗಂಟೆ ಹೊಡೆಯುವುದು, ಕೈ ಎತ್ತಿದ ಹುಡುಗರಿಗೆ ಅಡಿಷನಲ್ ಶೀಟು ತಲುಪಿಸುವುದು ಅವನ ಕೆಲಸ. ತಾನು ನಾಲ್ಕನೆಯ ಇಯತ್ತೆ ದಾಟಿರಲಿಲ್ಲ, ಆದರೆ ಯಾರು ಎಷ್ಟು ಹಾಳೆ ಕೇಳಿದರು ಎಂಬುದರ ಮೇಲೆ ರಿಸಲ್ಟು ಹೇಳಿಬಿಡುತ್ತಿದ್ದ. ನನಗೆ ಅವನು ಕೊಟ್ಟ ವಿದ್ಯೆ ಒಂದೇ. “ಬರಲಿಲ್ಲಂತ ಖಾಲಿ ಬಿಟ್ಟು ಬರಬ್ಯಾಡ, ಏನರ ಬರಿ. ಬರದವಗ ಒಂದು ಮಾರ್ಕರ ಕೊಟ್ಟಾರು, ಖಾಲಿ ಹಾಳಿಗೆ ಯಾರು ಕೊಡ್ತಾರ?” ಆ ಮಾತು ಹಿಡಿದುಕೊಂಡೇ ನಾನು ನಮ್ಮ ಮನೆತನದ ಮೊದಲ ಪದವೀಧರನಾದೆ, ಇಂಜಿನಿಯರ್ ಆದೆ, ಇಂಗ್ಲೆಂಡಿನ ಹಡರ್ಸ್‌ಫೀಲ್ಡಿಗೆ ಬಂದು ಮನೆಸಾಲದ ಮಾರ್ಟ್‌ಗೇಜ್ ಕಟ್ಟುವವನಾದೆ. ಡ್ರೈವಿಂಗ್ ಥಿಯರಿ, ಪೌರತ್ವ, ಫಸ್ಟ್ ಏಡ್, ಗೋದಾಮಿನಲ್ಲಿ ಸರಕು ಎತ್ತುವ ಫೋರ್ಕ್‌ಲಿಫ್ಟ್, ಹೀಗೆ ಎಲ್ಲದರ ಸರ್ಟಿಫಿಕೇಟೂ ನಮ್ಮ ಹಾಲಿನ ಗೋಡೆಯ ಮೇಲಿದೆ. ಪರೀಕ್ಷೆಯ ದಿನ ಬಿಟ್ಟರೆ ಫೋರ್ಕ್‌ಲಿಫ್ಟನ್ನು ನಾನು ಮುಟ್ಟಿಲ್ಲ.

ಇಂಥವನ ಮುಂದೆ ಆಫೀಸಿನ ಗೆಳೆಯನೊಬ್ಬ, “ಈ ದೇಶದಲ್ಲಿ ಜಿಂಕೆ ಬೇಟೆಗೂ ಒಂದು ಕೋರ್ಸಿದೆ, ಕೊನೆಗೆ ಪರೀಕ್ಷೆ ಇದೆ” ಎಂದು ಬಾಯಿಬಿಟ್ಟ. ನಾನು ಬೇಟೆಯ ಬಗ್ಗೆ ಒಂದು ಗಳಿಗೆಯೂ ಯೋಚಿಸಲಿಲ್ಲ, ಪರೀಕ್ಷೆಯ ಬಗ್ಗೆ ಒಂದು ತಿಂಗಳು ಓದಿದೆ. ಪಾಸಾದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಪಾಸಾದ ಮೇಲೆ ಬಂದೂಕಿಗೆ ಅರ್ಜಿ ಹಾಕಬಹುದಂತೆ, ಅದಕ್ಕೊಂದು ಉದ್ದದ ಫಾರ್ಮ್ ಇದೆಯಂತೆ. ಫಾರ್ಮ್ ಕಂಡರೆ ಬಿಡುವ ವಂಶ ನನ್ನದಲ್ಲ. ವಿಚಾರಣೆಗೆ ಮನೆಗೆ ಬಂದ ಅಧಿಕಾರಿ ನನ್ನ ಹೆಂಡತಿ ಸುನಂದೆಯನ್ನು, ನಿಮ್ಮವರಿಗೆ ಸಿಟ್ಟು ಜಾಸ್ತಿಯೇ ಎಂದು ಕೇಳಿದ. “ಸಿಟ್ಟು ಮಾಡಾಕ ಧೈರ್ಯ ಬೇಕಲ್ರೀ” ಎಂಬುದನ್ನು ಅವಳು ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ಹೇಳಿದಳು. ಆತ ನಗುತ್ತ ಬರೆದುಕೊಂಡ. ಅರ್ಜಿ ಮಂಜೂರಾಯಿತು.

ಬೇಟೆಗೆ ಜಾಗ ಸಿಗುವುದು ಮಾತ್ರ ಯಾವ ಪರೀಕ್ಷೆಗಿಂತಲೂ ಕಷ್ಟ. ಒಂದು ವರ್ಷ ರೈತರ ಬಾಗಿಲು ತಟ್ಟಿದೆ. ಕೊನೆಗೆ ಗುಡ್ಡದ ಮೇಲಿನ ಜೆಫ್ ಎಂಬ ಮುದುಕರು ಒಪ್ಪಿದರು. ಅವರು ನೆಟ್ಟ ಸಸಿಗಳನ್ನೆಲ್ಲ ಜಿಂಕೆಗಳು ಮೇಯುತ್ತಿದ್ದವು. ಇಲ್ಲಿನ ಯಾರ್ಕ್‌ಶೈರ್ ರೈತರ ಮಾತು ಕನ್ನಡಕ್ಕೆ ತಂದರೆ ಗದಗಿನ ಕನ್ನಡವೇ ಆಗುತ್ತದೆ, ಬೇರೆ ದಾರಿಯಿಲ್ಲ. “ಒಬ್ಬನ ಬಾ. ಒಂದು ಶನಿವಾರ ನೋಡ್ತೀನಿ. ಸರಿ ಅನಿಸಿದ್ರ ಜಾಗಾ ನಿನ್ನದು, ಇಲ್ಲಂದ್ರ ಕೇಳವ್ರು ಭಾಳ ಮಂದಿ ಅದಾರ.”

ಒಬ್ಬನೇ! ಅದುವರೆಗೆ ಯಾವಾಗಲೂ ಪಕ್ಕದಲ್ಲಿ ಅನುಭವಸ್ಥನೊಬ್ಬ ಇರುತ್ತಿದ್ದ, ಟ್ರಿಗರ್ ಒತ್ತುವ ಕೆಲಸವೂ ಅವನದೇ ಆಗಿರುತ್ತಿತ್ತು. ಮೊನ್ನೆಯ ಆ ನವೆಂಬರ್ ಶನಿವಾರ ಬೆಳಿಗ್ಗೆ ಕಾರಿಗೆ ಬೀಗ ಹಾಕಿ ಹೊರಟವನು ಬೀಗ ಹಾಕಿದೆನೋ ಇಲ್ಲವೋ ಎಂದು ಎರಡು ಸಲ ಹಿಂತಿರುಗಿದೆ. ಫೋನಿನ ಸಿಗ್ನಲ್ ಮೊದಲ ಗೇಟಿನಲ್ಲೇ ಕೈಬಿಟ್ಟಿತು. ಜೇಬು ಮುಟ್ಟಿಕೊಂಡೆ: ಕೀಲಿ ಇದೆ, ಗುಂಡು ಇದೆ, ಬೇಟೆಯ ಸರ್ಟಿಫಿಕೇಟಿನ ಜೆರಾಕ್ಸೂ ಇದೆ. ಅದನ್ನು ಯಾರಿಗೆ ತೋರಿಸಬೇಕೆಂದಿದ್ದೆನೋ, ಜಿಂಕೆಗೇ ಇರಬೇಕು. ಕಲ್ಲಿನ ಗೋಡೆಯೊಂದರ ಹಿಂದೆ ಚೀಲದ ಮೇಲೆ ಬಂದೂಕನ್ನು ಒರಗಿಸಿ ಕುಳಿತೆ. ಎದೆ ಬಡಿತ ಎಷ್ಟು ಜೋರಾಗಿತ್ತೆಂದರೆ, ಕೆಳಗಿನ ಕುರಿಗಳು ತಲೆಯೆತ್ತಿ ನನ್ನ ಕಡೆ ನೋಡಿದವು.

ಬೆಳಕು ಹರಿಯಿತು. ಒಣಗಿದ ಜರಿಗಿಡಗಳ ನಡುವೆ ಒಂದು ಜಿಂಕೆ ಬಂದು ನಿಂತಿತು. ಹಿಂದೆ ಗುಂಡನ್ನು ತಡೆಯಲು ದಪ್ಪ ಮಣ್ಣಿನ ಇಳಿಜಾರು. ಪುಸ್ತಕದ ಚಿತ್ರದ ಹಾಗೆ ಅಡ್ಡಕ್ಕೆ ನಿಂತಿತ್ತು. ನಾನು ಮನಸ್ಸಿನಲ್ಲೇ ಉತ್ತರ ಬರೆಯತೊಡಗಿದೆ. ಗಂಡೋ ಹೆಣ್ಣೋ? ಹೆಣ್ಣು. ಮರಿ ಜೊತೆಗಿದೆಯೇ? ಇಲ್ಲ. ದೂರವೆಷ್ಟು? ಗಾಳಿ ಯಾವ ಕಡೆಯಿಂದ? ನಾಲ್ಕನೆಯ ಪಾಯಿಂಟಿಗೆ ಬರುವಷ್ಟರಲ್ಲಿ ನನ್ನ ಬೆರಳು ನಡುಗತೊಡಗಿತ್ತು, ಜಿಂಕೆ ದಿಬ್ಬ ಹತ್ತತೊಡಗಿತ್ತು. ಹತ್ತಿ ನೆತ್ತಿಯ ಮೇಲೆ ನಿಂತಿತು. ಈಗ ಅದರ ಹಿಂದೆ ಬರೀ ಆಕಾಶ. ಆ ಕೋರ್ಸಿನಲ್ಲಿ ಮೊದಲ ದಿನವೇ ಹೇಳಿದ್ದರು: ಹಿಂದೆ ಏನಿದೆ ಎಂದು ಗೊತ್ತಿಲ್ಲದಿದ್ದರೆ ಹೊಡೆಯಬೇಡಿ, ಬಿಟ್ಟುಬಿಡಿ. ಆದರೆ ಕಿವಿಯಲ್ಲಿ ಅಪ್ಪ: ಖಾಲಿ ಬಿಡಬ್ಯಾಡ! ಕೈಯಿಂದ ಜಾಗ ಹೋಗುತ್ತದೆ, ವರ್ಷದ ಓಡಾಟ ನೀರಿಗೆ ಹೋಗುತ್ತದೆ, ಬೆರಳು ಟ್ರಿಗರ್‌ನ ಹತ್ತಿರವೇ ಇದೆ. ಜಿಂಕೆ ಪರೀಕ್ಷಾ ಕೊಠಡಿಯ ಮೇಲ್ವಿಚಾರಕರಂತೆ ನನ್ನನ್ನೇ ದಿಟ್ಟಿಸಿತು. ಬದುಕಿನಲ್ಲಿ ಮೊದಲ ಸಲ ನಾನು ಗೊತ್ತಿಲ್ಲದ ಪ್ರಶ್ನೆಯನ್ನು ಖಾಲಿ ಬಿಟ್ಟೆ. ಬೆರಳು ತೆಗೆದೆ. ಅದು ಆಚೆಗೆ ಇಳಿದುಹೋಯಿತು.

ಜೆಫ್ ಅವರ ಕೊಟ್ಟಿಗೆಯಲ್ಲಿ ಒಂದು ಮೊಳೆಗೆ ಹಾಳೆಗಳನ್ನು ಸಿಕ್ಕಿಸಿದ್ದರು. ಬಂದವರು ಕಂಡದ್ದೆಷ್ಟು, ಹೊಡೆದದ್ದೆಷ್ಟು ಎಂದು ಬರೆಯಬೇಕು. ಕಂಡದ್ದು ಒಂದು, ಹೊಡೆದದ್ದು ಸೊನ್ನೆ. ಅಲ್ಲಿಗೆ ಮುಗಿಯಿತು. ನನ್ನ ಕೈ ಕೇಳಬೇಕಲ್ಲ! ಪಕ್ಕದಲ್ಲಿ ಇಷ್ಟೇ ಇಷ್ಟು ‘ಷರಾ’ ಜಾಗವಿತ್ತು. ಆಕಾಶದ ವಿಚಾರ ಅದರಲ್ಲಿ ಹಿಡಿಸಲಿಲ್ಲ, ಹಿಂಬದಿಗೆ ಹೋದೆ. ಅಲ್ಲಿಗೇ ನಿಲ್ಲಿಸಿದ್ದರೆ ನಿಯಮ ಪಾಲಿಸಿದ ಧೀರನಾಗಿ ಉಳಿಯುತ್ತಿದ್ದೆ. ಜಿಂಕೆ ಜರಿಗಿಡದಲ್ಲಿ ನಿಂತಾಗ ನನ್ನ ಬೆರಳು ನಡುಗಿದ್ದನ್ನೂ ಬರೆಯದಿದ್ದರೆ ಉತ್ತರ ಅರ್ಧವಾಗುತ್ತದಲ್ಲ ಎನಿಸಿತು. ಚಹಾ ಕುಡಿಯುತ್ತ ನಿಂತಿದ್ದ ಜೆಫ್ ಕಡೆ ಕೈ ಎತ್ತಿದೆ. “ಇನ್ನೊಂದು ಹಾಳಿ ಸಿಗ್ತದೇನ್ರೀ?”

ಜೆಫ್ ಹಾಳೆ ಕೊಟ್ಟರು. ನಾನು ಬರೆದು ಮುಗಿಸಿದ ಮೇಲೆ ಚಹಾದ ಮಗ್ ಕೆಳಗಿಟ್ಟು, ಕನ್ನಡಕ ಏರಿಸಿ, ನಿಂತೇ ಎರಡೂ ಹಾಳೆ ಓದಿದರು.

“ಹೆದರಿದ್ದಿ?”

“ಹೌದ್ರೀ. ಎರಡೂ ಸರ್ತಿ.”

“ಆ ದಿಬ್ಬದ ಹಿಂದ ನಮ್ಮಕ್ಕನ ಮನಿ ಅದ. ಹೋದ ವರ್ಷ ಬಂದಾಂವ ಹಿಂಗ ದಿಬ್ಬದ ಮ್ಯಾಲ ನಿಂತ ಜಿಂಕಿಗೆ ಹೊಡದಾ. ಅಕಿ ನೀರಿನ ತೊಟ್ಟಿ ತೂತಾತು. ಅಂವ ಇಲ್ಲಿ ಬರೇ ಸೊನ್ನಿ ಬರದು ಹೋದ.” ಹಾಳೆಗಳನ್ನು ಮತ್ತೆ ಮೊಳೆಗೆ ಸಿಕ್ಕಿಸಿದರು. “ಮುಂದಿನ ಶನಿವಾರ ಬಾ. ನನ್ನ ಸಸಿ ಉಳೀಬೇಕು, ನೆನಪಿರ್ಲಿ. ಮತ್ತ ಸಣ್ಣದಾಗಿ ಬರಿ, ಕುರಿಗೆ ಮೇವು ಹಾಕೋದು ತಡಾ ಆತು.”

ಮನೆಗೆ ಬಂದಾಗ ಸುನಂದೆ ಬಾಗಿಲಲ್ಲೇ ಕೇಳಿದಳು. “ಏನಾತ್ರೀ?”

“ಪಾಸಾದೆ.”

“ಜಿಂಕಿ?”

“ಅದೂ ಪಾಸಾತು.”

ಅವಳು ನಗುತ್ತ ಒಳಗೆ ಹೋದಳು. ನಾನು ನಗಲಿಲ್ಲ. ಬರುವ ಶನಿವಾರ ಆ ಜಿಂಕೆ ಮತ್ತೆ ಜರಿಗಿಡದ ನಡುವೆ, ಹಿಂದೆ ಗಟ್ಟಿ ಮಣ್ಣು ಇಟ್ಟುಕೊಂಡು ಅಡ್ಡಕ್ಕೆ ನಿಂತರೆ ಏನು ಮಾಡಲಿ? ಆಗ ಆಕಾಶದ ನೆಪ ಸಿಗುವುದಿಲ್ಲ. ಅಂದಿನಿಂದ ಆ ಸಂದರ್ಭಕ್ಕೆ ಹೊಂದುವ ಕಾರಣಗಳನ್ನು ಒಂದೊಂದಾಗಿ ನೋಟ್ಸ್ ಮಾಡಿಕೊಳ್ಳುತ್ತಿದ್ದೇನೆ. ಬಂದೂಕಿನ ಚೀಲದಲ್ಲಿ ಗುಂಡಿನ ಜೊತೆಗೆ ನಾಲ್ಕು ಬಿಳಿ ಹಾಳೆಗಳನ್ನೂ ಇಟ್ಟಿದ್ದೇನೆ.