ಮೊಗ್ಗಿಗೆ ನೆಟ್ಟಗೆ ಬೆರಳು ತೋರಿಸಿದ್ದು

ಹೂವಿನ ಗಿಡ ಸಾಕುವವರನ್ನು ಕೇಳಿ ನೋಡಿ, ಪ್ರತಿಯೊಬ್ಬರಿಗೂ ಒಬ್ಬ ಶತ್ರು ಇದ್ದೇ ಇರುತ್ತಾನೆ. ಒಬ್ಬರಿಗೆ ಓಣಿಯ ಆಡು, ಒಬ್ಬರಿಗೆ ಗೆದ್ದಲು, ಮತ್ತೊಬ್ಬರಿಗೆ ಪಕ್ಕದ ಮನೆಯ ಕೋಳಿ. ನನಗೆ ಮಾತ್ರ ಶತ್ರುವನ್ನು ಹುಡುಕಿಕೊಂಡು ಹೊರಗೆ ಹೋಗುವ ಪ್ರಸಂಗವೇ ಬರಲಿಲ್ಲ. ಅದು ನನ್ನ ಬಲಗೈಯಲ್ಲೇ, ಹೆಬ್ಬೆರಳಿನ ಮಗ್ಗುಲಲ್ಲೇ ಇತ್ತು. ಹಾಗೆಂದು ನಾನು ಹೇಳುತ್ತಿಲ್ಲ, ನಮ್ಮ ಓಣಿಯವರು ಹೇಳುತ್ತಿದ್ದರು. ಎಪ್ಪತ್ತರ ದಶಕದಲ್ಲಿ ನಾನು ಸಿಂದಗಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ಮಾಸ್ತರಿಕೆ ಎಂದರೆ ಮುಕ್ಕಾಲು ಪಾಲು ಬೆರಳು ತೋರಿಸುವ ಕೆಲಸ. ಪಟದಲ್ಲಿ ಹೃದಯದ ಕವಾಟ ತೋರಿಸಬೇಕು, ಹಿಂದಿನ ಬೆಂಚಿನಲ್ಲಿ ಶೇಂಗಾ ತಿನ್ನುವವನನ್ನು ತೋರಿಸಬೇಕು, ಸಿಟ್ಟು ಬಂದರೆ ಬಾಗಿಲು ತೋರಿಸಬೇಕು. ಅನ್ನ ಕೊಡುತ್ತಿದ್ದ ಅಂಥ ತೋರುಬೆರಳಿನ ಮೇಲೆ ಅಪವಾದ ಬಂದರೆ ಯಾರು ಸುಮ್ಮನಿರುತ್ತಾರೆ, ನೀವೇ ಹೇಳಿ.

ನಮ್ಮದು ಬಾಡಿಗೆ ಮನೆ. ಹಿಂದೆ ಒಂದಿಷ್ಟು ಹಿತ್ತಲು, ಅದರಾಚೆ ಎದೆಮಟ್ಟದ ಮಣ್ಣಿನ ಗೋಡೆ, ಗೋಡೆಯಾಚೆ ನೀಲಕ್ಕನ ಮನೆ. ಹಿತ್ತಲಿನದು ಎರೆಮಣ್ಣು. ಬೇಸಿಗೆಯಲ್ಲಿ ಅದು ಬಿರುಕು ಬಿಟ್ಟರೆ ಕೈಯಿಂದ ಜಾರಿದ ಚಮಚೆ ಮಳೆಗಾಲದವರೆಗೆ ಸಿಗುತ್ತಿರಲಿಲ್ಲ. ಮಳೆ ಬಿದ್ದರೆ ಚಪ್ಪಲಿಗೆ ಮೆತ್ತಿಕೊಂಡು, ಹಿತ್ತಲ ಒಂದು ಸುತ್ತು ಹಾಕುವಷ್ಟರಲ್ಲಿ ನಾನು ಎತ್ತರದ ಮನುಷ್ಯನಾಗಿಬಿಡುತ್ತಿದ್ದೆ. ಬಾವಿಯ ನೀರು ಸವಳು. ಅದರಲ್ಲಿ ಬೇಳೆಯೂ ಬೇಯುತ್ತಿರಲಿಲ್ಲ, ಸಾಬೂನೂ ನೊರೆ ಬಿಡುತ್ತಿರಲಿಲ್ಲ. ಕುಡಿಯುವ ಸಿಹಿನೀರನ್ನು ಊರಾಚೆಯ ಬಾವಿಯಿಂದ ಕೊಡ ಹೊತ್ತು ತರಬೇಕು, ಆ ಕೆಲಸ ನನ್ನ ಹೆಂಡತಿ ಶಾಂತಾಳದು. ಹೀಗಾಗಿ ಗಿಡಗಳ ಪಾಲಿಗೆ ಬಂದದ್ದು ನಾವು ಸ್ನಾನ ಮಾಡಿಬಿಟ್ಟ ಸವಳು ಬಚ್ಚಲ ನೀರು. ಬೇಸಿಗೆಯಲ್ಲಿ ಮಲ್ಲಿಗೆಯೊಂದು ಅದನ್ನೇ ಕುಡಿದು ಧಾರಾಳವಾಗಿ ಹೂ ಕೊಡುತ್ತಿತ್ತು. ದಾಸವಾಳ ಮಾತ್ರ ಮುಖ ಊದಿಸಿಕೊಂಡು ನಿಂತು, ನಾಲ್ಕು ಹನಿ ಮುಂಗಾರು ಬಿದ್ದ ಮೇಲೆ ನಮ್ಮ ಜೊತೆ ಮತ್ತೆ ಮಾತಿಗೆ ಬರುತ್ತಿತ್ತು.

ಆ ದಾಸವಾಳದ ಹೂವನ್ನು ನಾನು ಗಿಡದ ಮೇಲೆ ಕಂಡದ್ದು ಅಪರೂಪ. ಬೆಳಗು ಹರಿಯುವುದೇ ತಡ, ನೀಲಕ್ಕ ಗೋಡೆಯ ಮೇಲಿಂದ ಕೈ ಚಾಚಿ ತಮ್ಮ ಲಿಂಗಪೂಜೆಗೆ ಬೇಕಾದಷ್ಟು ಕಿತ್ತುಕೊಂಡಿರುತ್ತಿದ್ದರು. ಅದನ್ನು ಕೇಳಿ ಕೀಳುವ ಪದ್ಧತಿ ನಮ್ಮ ಓಣಿಯಲ್ಲೇ ಇರಲಿಲ್ಲ. ಕೇಳಿ ತೆಗೆದುಕೊಂಡರೆ ಪೂಜೆಯ ಪುಣ್ಯದಲ್ಲಿ ಗಿಡದ ಯಜಮಾನನಿಗೂ ಪಾಲು ಹೋದೀತೆಂಬ ಹೆದರಿಕೆ ಇರಬಹುದು ಎಂದು ನನ್ನ ಗುಮಾನಿ. ಶ್ರಾವಣ ಬಂತೆಂದರೆ ಇಡೀ ಓಣಿಯೇ ಬುಟ್ಟಿ ಹಿಡಿದು ಬರುತ್ತಿತ್ತು. ಆಗ ನಾನು ಎಲೆಗಳನ್ನು ನೋಡಿ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆದರೆ ನೀಲಕ್ಕನನ್ನು ಬೈಯುವಂತಿರಲಿಲ್ಲ. ಒಂದು ಮುಂಗಾರಿನಲ್ಲಿ ತಮ್ಮ ತವರೂರು ತಾಳಿಕೋಟೆಗೆ ಹೋದವರು, ಬರುವಾಗ ಒದ್ದೆ ಅರಿವೆಯಲ್ಲಿ ಸುತ್ತಿ ಎರಡು ಸೇವಂತಿಗೆ ಸಸಿ ತಂದು ಶಾಂತಾಳ ಕೈಗೆ ಕೊಟ್ಟರು.

“ಬಣ್ಣ ಯಾವುದ್ರಿ ಅಕ್ಕಾರ?” ಎಂದು ನಾನು ಕೇಳಿದೆ.

“ಯಾವುದರ ಇರವಲ್ದ್ಯಾಕ ಮಾಸ್ತರ. ನಮ್ಮವ್ವನ ಹಿತ್ತಲದಾಗ ಎಲ್ಲಾ ಕೂಡೇ ಬೆಳದಾವು. ಹೂವು ಅರಳಿದ ಮ್ಯಾಲ ಅದ ಹೇಳ್ತೈತಿ” ಎಂದರು.

ಇದನ್ನು ಕೇಳಿ ಶಾಂತಾಳ ಮುಖ ಬದಲಾಯಿತು. ಅವಳು ಬಸವನ ಬಾಗೇವಾಡಿಯವಳು. ಅವಳು ಚಿಕ್ಕವಳಿದ್ದಾಗ ತವರುಮನೆಯ ಹಿತ್ತಲಲ್ಲಿ ಬೆಲ್ಲದ ಬಣ್ಣದ ಸೇವಂತಿಗೆ ಇತ್ತಂತೆ. ಅವರವ್ವ ಅದನ್ನೇ ಅವಳ ಹೆರಳಿಗೆ ಮುಡಿಸುತ್ತಿದ್ದಳಂತೆ. ಒಂದು ವರ್ಷ ಗಿಡ ಹೋಯಿತು, ಮುಂದೆ ಅವ್ವನೂ ಹೋದಳು. ಆಮೇಲೆ ಅಂಥ ಹೂವನ್ನು ಶಾಂತಾ ಎಲ್ಲಿಯೂ ಕಂಡಿರಲಿಲ್ಲ. ಅವಳ ಅಣ್ಣನನ್ನು ಕೇಳಿದರೆ, ಅಂಥದ್ದು ಯಾವುದೂ ಇರಲಿಲ್ಲ, ಅದು ಹಳದಿ ಹೂವು, ನೀನು ಕನಸು ಕಂಡಿರಬೇಕು ಎನ್ನುತ್ತಿದ್ದ. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬೆಲ್ಲದ ಬಣ್ಣ ಎಂದರೆ ಹೊಸ ಬೆಲ್ಲವೋ ಹಳೆಯ ಬೆಲ್ಲವೋ, ಆಲಮೇಲದ್ದೋ ಕೊಲ್ಹಾಪುರದ್ದೋ ಎಂದು ಪ್ರಶ್ನೆ ಕೇಳಿ ಅವಳ ಬಾಯಿ ಮುಚ್ಚಿಸಿದ್ದೆ. ಈಗ ಎರಡು ಸಸಿ ಬಂದವು. ಅವು ಬೆಲ್ಲದ ಬಣ್ಣ ತೋರಿಸಿದರೆ ಅವಳ ಅವ್ವನ ಹೂವು ನಿಜ, ಇಲ್ಲವಾದರೆ ಅದು ಕನಸೇ. ಅವಳ ಆಸೆ ಎಷ್ಟೆಂಬುದು ಸಸಿ ನೆಡುವಾಗ ಅವಳು ಮಣ್ಣು ಒತ್ತಿದ ರೀತಿಯಲ್ಲಿಯೇ ನನಗೆ ಗೊತ್ತಾಯಿತು.

ಸೇವಂತಿಗೆಯಷ್ಟು ಮನುಷ್ಯನ ತಾಳ್ಮೆ ನೋಡುವ ಗಿಡ ಬೇರೆ ಇಲ್ಲ. ಮುಂಗಾರು ಹೋಯಿತು, ಎಲೆ. ಶ್ರಾವಣ ಹೋಯಿತು, ಮತ್ತೆ ಎಲೆ. ದಸರೆಯಲ್ಲಿ ಎಲ್ಲರೂ ಬನ್ನಿ ಎಲೆ ಹಂಚಿಕೊಂಡು ಬಂಗಾರ ಬಂಗಾರ ಎಂದರೂ ನಮ್ಮ ಗಿಡಗಳಿಗೆ ಹಬ್ಬ ಬಂದದ್ದೇ ತಿಳಿಯಲಿಲ್ಲ. ನನಗೋ ಕುತೂಹಲ ಹೊಟ್ಟೆಯಲ್ಲಿ ಕುಳಿತು ಕಡಿಯುತ್ತಿತ್ತು. ದಿನಾ ಮುಂಜಾನೆ ಹಲ್ಲುಜ್ಜುತ್ತ ಗಿಡದ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ತುದಿಗಳನ್ನು ಪರೀಕ್ಷಿಸುವುದೇ ನನ್ನ ಸಂಧ್ಯಾವಂದನೆಯಾಯಿತು. ಇಂಡಿಯಿಂದ ನಮ್ಮಪ್ಪ ಬಂದಾಗ, ನಿಂಬೆಯ ತೋಟದಲ್ಲಿ ಹುಟ್ಟಿ ಬೆಳೆದ ಮಗ ಹೀಗೆ ಅಂಗೈಯಗಲದ ಗಿಡದ ಮುಂದೆ ಕುಳಿತದ್ದನ್ನು ನೋಡಿ ಮರುದಿನದ ಬಸ್ಸಿಗೇ ಹೊರಟುಹೋದರು. ಹಿಂಗಾರು ಮಳೆ ಎರಡು ಸಲ ಚೆನ್ನಾಗಿ ಹೊಡೆದು, ದೀಪಾವಳಿ ಮುಗಿದು, ಹೊರಗೆ ಚಳಿ ಚುಮುಗುಟ್ಟತೊಡಗಿದಾಗ, ಒಂದು ಮುಂಜಾನೆ, ಗೋಡೆಯ ಕಡೆಯ ಗಿಡದ ತುದಿಯಲ್ಲಿ ಅದು ಕಂಡಿತು. ಹಸಿರು ಗುಂಡಿಯಂಥ ಮೊಗ್ಗು!

“ಶಾಂತಾ, ಲಗೂನ ಬಾ, ಇಲ್ಲಿ ನೋಡು!” ಎಂದು ಕೂಗಿ ನಾನು ಬೆರಳನ್ನು ಮೊಗ್ಗಿಗೆ ತಾಗುವಷ್ಟು ಹತ್ತಿರ ಹಿಡಿದು ತೋರಿಸಿದೆ.

ಗೋಡೆಯಾಚೆ ನೀಲಕ್ಕ ಹಾವು ಕಂಡವರ ಹಾಗೆ ಕೂಗಿಕೊಂಡರು. “ಅಯ್ಯಯ್ಯ ಮಾಸ್ತರ, ಬಟ್ಟು ಮಡಚ್ರಿ! ಎಳೇ ಮಗ್ಗಿಗೆ ಯಾರರ ಹಂಗ ನೆಟ್ಟಗ ಬಟ್ಟು ಮಾಡಿ ತೋರಸ್ತಾರೇನ್ರಿ? ಕೊಳತ ಹೋಗ್ತೈತಿ! ಬಟ್ಟು ಮಡಚಿ, ಗೆಣ್ಣಿಲೆ ತೋರಸಬೇಕು.”

ಮೊಗ್ಗಿಗಾಗಲಿ ಹೀಚುಕಾಯಿಗಾಗಲಿ ಬೆರಳು ಚಾಚಿ ತೋರಿಸಬಾರದು ಎಂಬುದು ನಾನೂ ಚಿಕ್ಕಂದಿನಲ್ಲಿ ಕೇಳಿದ ಮಾತೇ. ಆದರೆ ಬಿ.ಎಸ್ಸಿ. ಮಾಡುವಾಗ ಅದನ್ನು ಬಿಟ್ಟುಬಂದಿದ್ದೆ. ನಕ್ಕು, ಬೆಳಕು ಗಾಳಿ ನೀರುಗಳ ಬಗ್ಗೆ ನೀಲಕ್ಕನಿಗೆ ಸಣ್ಣದೊಂದು ಪಾಠ ಮಾಡಿ ಸಾಲೆಗೆ ಹೋದೆ. ಮೂರು ನಾಲ್ಕು ದಿನದಲ್ಲಿ ಮೊಗ್ಗು ಕಪ್ಪಗಾಗಿ, ಬಾಗಿ, ಬಿದ್ದೇ ಹೋಯಿತು. ಅದರೊಳಗಿನ ಬಣ್ಣ ಏನೆಂದು ಬಿಡಿಸಿ ನೋಡಿದೆ, ಬರೀ ಕೊಳೆ. ಶಾಂತಾ ಅದನ್ನು ನನ್ನ ಅಂಗೈಯಿಂದ ತೆಗೆದುಕೊಂಡು ಗಿಡದ ಬುಡಕ್ಕೇ ಇಟ್ಟಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ, ಆ ದಿನ ಊಟಕ್ಕೆ ಬಡಿಸುವಾಗ ಇನ್ನಷ್ಟು ಹಾಕಲೇ ಎಂದು ಕೇಳಲಿಲ್ಲ ಅಷ್ಟೇ. ನನಗೆ ಬಹಳ ಕೆಟ್ಟದೆನಿಸಿತು. ಇತ್ತ ಓಣಿಯಲ್ಲಿ ಸುದ್ದಿ ಹಬ್ಬಿತು. ಎದುರುಮನೆಯವರು ಹೀರೇಬಳ್ಳಿಯ ಹತ್ತಿರ ನನ್ನನ್ನು ಕಂಡರೆ, “ಮಾಸ್ತರ, ಕೈ ಕಿಸೇದಾಗ ಇಟಗೊಂಡ ಮಾತಾಡ್ರಿ” ಎನ್ನತೊಡಗಿದರು.

ಅಷ್ಟರಲ್ಲಿ ಎರಡೂ ಗಿಡಗಳ ತುಂಬ ಹೊಸ ಮೊಗ್ಗುಗಳು ಬಂದವು. ಬುದ್ಧಿ ಇದ್ದವನು ಹಿತ್ತಲ ಕಡೆ ತಲೆ ಹಾಕದೆ ಇರುತ್ತಿದ್ದ. ನನಗೆ ಮಾತ್ರ ಇನ್ನೊಂದು ಕುತೂಹಲ ಹುಟ್ಟಿಕೊಂಡಿತ್ತು. ನಿಜವಾಗಿ ಬೆರಳಿನಿಂದ ಏನಾದರೂ ಆಗುತ್ತದೆಯೇ? ಪರೀಕ್ಷೆ ಮಾಡದೆ ತಳ್ಳಿಹಾಕುವುದೂ ವಿಜ್ಞಾನವಲ್ಲವಷ್ಟೆ. ಬಚ್ಚಲ ಕಡೆಯ ಗಿಡಕ್ಕೆ ದಿನಾ ನೆಟ್ಟಗೆ ಬೆರಳು ತೋರಿಸುವುದು, ಗೋಡೆಯ ಕಡೆಯ ಗಿಡಕ್ಕೆ ಮಡಚಿ ತೋರಿಸುವುದು, ಎರಡಕ್ಕೂ ಬಚ್ಚಲ ನೀರು ಸಮಸಮ ಹಾಕುವುದು ಎಂದು ಯೋಜನೆ ಹಾಕಿ ಶಾಂತಾಳ ಮುಂದಿಟ್ಟೆ.

“ಉಳದ ಮಗ್ಗಿ ಮ್ಯಾಲೂ ನಿಮ್ಮ ಸಾಲಿ ನಡಸ್ತೀರೇನು? ಹುಚ್ಚ ಹಿಡದೈತೇನ್ರಿ ನಿಮಗ?”

“ಗ್ವಾಡಿ ಕಡೇದು ಪೂರಾ ನಿಂದು. ಅದಕ್ಕ ಮಡಚೇ ತೋರಸ್ತೇನಿ.”

ಅವಳು ಸುಮ್ಮನಾದಳು. ಸುಮ್ಮನಿದ್ದದ್ದನ್ನು ಒಪ್ಪಿಗೆ ಎಂದು ತಿಳಿಯುವುದು ಗಂಡಂದಿರ ಹಳೆಯ ಚಾಳಿ. ಮರುದಿನದಿಂದ ಪ್ರಯೋಗ ಸುರುವಾಯಿತು. ಮಫ್ಲರು ಸುತ್ತಿಕೊಂಡ ಗಂಡಸೊಬ್ಬ ಒಂದು ಗಿಡದ ಮುಂದೆ ಬೆರಳು ಚಾಚಿ, ಇನ್ನೊಂದರ ಮುಂದೆ ಬೆರಳು ಮಡಚಿ ಗಂಭೀರವಾಗಿ ನಿಲ್ಲುವುದನ್ನು ನೋಡಿ ನೆರೆಹೊರೆಯವರು ಏನೆಂದುಕೊಂಡರೋ ತಿಳಿಯದು. ಹಾಲು ಕೊಡಲು ಬರುತ್ತಿದ್ದವಳಂತೂ ಪಾತ್ರೆಯನ್ನು ದೂರದಿಂದಲೇ ಇಟ್ಟು ಹೋಗತೊಡಗಿದಳು. ಅದೇ ಕಾಲಕ್ಕೆ ಮನೆಯಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಕುಡಿಯುವ ನೀರಿನ ಹಂಡೆ ಸಂಜೆಯಾಗುವುದರೊಳಗೆ ತಳ ಕಾಣುತ್ತಿತ್ತು. ಈ ಚಳಿಯಲ್ಲಿ ಯಾರು ಇಷ್ಟು ನೀರು ಕುಡಿಯುತ್ತಾರೆ ಎಂದು ಕೇಳಿದರೆ, “ನೀವ ಕುಡೀತೀರಿ, ದಿನಾ ಪಾಠಾ ಹೇಳಿ ಗಂಟಲಾ ಒಣಗಿರ್ತೈತಿ” ಎಂದು ಶಾಂತಾ ಹೇಳಿದಳು. ಇರಬಹುದು ಎಂದುಕೊಂಡೆ.

ಸಂಕ್ರಾಂತಿ ಹತ್ತಿರ ಬಂದಾಗ ಫಲಿತಾಂಶ ಕಣ್ಣಿಗೆ ಹೊಡೆಯುವಂತಿತ್ತು. ಮಡಚಿದ ಬೆರಳಿನ ಗಿಡ ಎಲೆಯ ಅಂಚು ಸುಟ್ಟುಕೊಂಡು, ಮೊಗ್ಗುಗಳನ್ನು ಬಿಗಿ ಹಿಡಿದು ನಿಂತಿತ್ತು. ನೆಟ್ಟಗೆ ತೋರಿಸಿದ ಗಿಡ ಮದುವೆಮನೆಯ ಹಾಗೆ ತುಂಬಿಕೊಂಡಿತ್ತು. ಒಂದು ಮುಂಜಾನೆ ಅದರ ತುದಿಯ ಹೂವು ಅರಳಿತು. ಹಳದಿಯಲ್ಲ, ಬಿಳಿಯಲ್ಲ, ಕೆಂಪೂ ಅಲ್ಲ. ಬೆಲ್ಲದ ಬಣ್ಣ. ಆಗತಾನೆ ಅಚ್ಚಿನಿಂದ ಕೆಡವಿದ ಆಲಮೇಲದ ಹೊಸ ಬೆಲ್ಲದ ಬಣ್ಣ.

ಶಾಂತಾ ಬಂದು ನೋಡಿದಳು. ಸೆರಗು ಬಾಯಿಗೆ ಹಿಡಿದು ಗಿಡದ ಮುಂದೆ ಕೂತುಬಿಟ್ಟಳು. “ನಾ ಹೇಳಿದ್ದಿಲ್ಲೇನ್ರಿ? ಇದ ಹೂವು. ನಮ್ಮವ್ವ ಮುಡಸ್ತಿದ್ದಳು” ಎಂದಳು, ಅಷ್ಟೇ. ಅವಳ ಬಾಲ್ಯವನ್ನೇ ಅವಳಿಗೆ ಯಾರೋ ತಿರುಗಿ ತಂದುಕೊಟ್ಟ ಸಂತೋಷ ನನಗಾಯಿತು. ಅಲ್ಲಿಗೇ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆದರೆ ಗೋಡೆಯಾಚೆ ನೀಲಕ್ಕನ ತಲೆ ಕಂಡಿತಲ್ಲ, ಮಾಸ್ತರಿಕೆ ಎದ್ದು ನಿಂತಿತು.

“ನೋಡ್ರಿ ಅಕ್ಕಾರ, ನೆಟ್ಟಗ ತೋರಿಸಿದ್ದು ಹೆಂಗ ಅರಳೇತಿ! ಮಡಚಿ ತೋರಿಸಿದ್ದು ಹೆಂಗ ಬಾಡೇತಿ! ಈಗೇನಂತೀರಿ?” ಎಂದು ಎದೆ ಉಬ್ಬಿಸಿದೆ.

ನೀಲಕ್ಕ ಶಾಂತಾಳ ಮುಖ ನೋಡಿದರು, ಶಾಂತಾ ನೆಲ ನೋಡಿದಳು. “ಅರಳದ ಏನ್ ಮಾಡ್ತೈತ್ರಿ ಮಾಸ್ತರ?” ಎಂದರು ನೀಲಕ್ಕ. “ನೀವು ದಿನಾ ಮುಂಜಾನೆ ಅದಕ್ಕ ಬಟ್ಟು ಮಾಡಿ ಸಾಲಿಗಿ ಹೋಗ್ತಿದ್ರಿ. ಪಾಪ, ಆ ಗಿಡಾ ಸಾಯಬಾರದಂತ ನಾವಿಬ್ಬರೂ ಸೀನೀರು ಹಾಕಿ ಹಾಕಿ ಉಳಿಸೇವಿ. ನಾ ಮಜ್ಜಗಿನೂ ಹಾಕೀನಿ, ದೃಷ್ಟಿನೂ ತಗದೀನಿ. ಗ್ವಾಡಿ ಕಡೇದಕ್ಕ ನಿಮ್ಮ ಬಟ್ಟಿನ ಕಾಟ ಇಲ್ಲ ಅಂತ ಅದರ ಕಡೆ ನೋಡಲಿಲ್ಲ.”

ಹಂಡೆ ಬರಿದಾದ ಗುಟ್ಟು ಈಗ ತಿಳಿಯಿತು. ನನ್ನ ಪ್ರಯೋಗ ಪೂರ್ತಿ ಮಣ್ಣುಪಾಲಾಗಿತ್ತು. ಬೆರಳಿನ ದೋಷ ನಿಜವೋ ಸುಳ್ಳೋ ಎಂಬ ಪ್ರಶ್ನೆ ಎಲ್ಲಿ ಸುರುವಾಗಿತ್ತೋ ಅಲ್ಲಿಯೇ ನಿಂತಿತ್ತು. ಶಾಂತಾ ಅಷ್ಟು ದೂರದಿಂದ ಕೊಡ ಹೊತ್ತು ತಂದ ನೀರು, ನನ್ನ ಬೆರಳಿನ ತಪ್ಪಿಗೆ ದಂಡವಾಗಿ ಹರಿದಿತ್ತು. ಇಷ್ಟು ವರ್ಷ ಒಮ್ಮೆಯೂ ಕೇಳದೆ ಕಿತ್ತುಕೊಂಡ ನೀಲಕ್ಕ ಅಂದು ಮಾತ್ರ ಬುಟ್ಟಿಯನ್ನು ಬೆನ್ನ ಹಿಂದೆ ಹಿಡಿದು, “ಯವ್ವಾ, ಇನ್ನೊಂದು ಅರಳಿದ ಮ್ಯಾಲ ನನ್ನ ಲಿಂಗಕ್ಕ ಕೊಡ್ತೀಯೇನ?” ಎಂದು ಕೇಳಿದರು. ಶಾಂತಾ ಅರಳಿದ ಆ ಮೊದಲ ಹೂವನ್ನೇ ಕಿತ್ತು ಅವರ ಬುಟ್ಟಿಗೆ ಹಾಕಿದಳು. ಎರಡನೆಯದು ಅರಳಿದ ದಿನ ತಾನು ಮುಡಿದುಕೊಂಡು, ಅಣ್ಣನಿಗೆ ತೋರಿಸಲೆಂದೇ ಬಾಗೇವಾಡಿಯ ಬಸ್ಸು ಹತ್ತಿದಳು.

ಮರುವರ್ಷ ಅದೇ ಗಿಡಗಳಿಂದ ಬಂದ ಸಸಿಗಳು ಹಿತ್ತಲ ತುಂಬ ಆದವು. ದೀಪಾವಳಿ ಕಳೆದು, ಚಳಿ ಬಂದು, ಒಂದು ಮುಂಜಾನೆ ಮೊದಲ ಮೊಗ್ಗು ಕಂಡಿತು. ಈ ಬೆರಳಿನ ವಿಷಯದಲ್ಲಿ ನನಗೆ ಎಳ್ಳಷ್ಟೂ ನಂಬಿಕೆ ಇಲ್ಲ, ಅಂದೂ ಇರಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ನೀಲಕ್ಕ ತಾಳಿಕೋಟೆಗೆ ಹೋಗಿದ್ದರು, ಗೋಡೆಯಾಚೆ ಯಾರೂ ಇರಲಿಲ್ಲ. “ಶಾಂತಾ, ಲಗೂನ ಬಾ, ಇಲ್ಲಿ ನೋಡು!” ಎಂದು ಕೂಗಿ ತೋರಿಸಿದೆ. ಅವಳು ಬಂದವಳು ಮೊಗ್ಗನ್ನು ನೋಡದೆ ನನ್ನ ಕೈಯನ್ನೇ ನೋಡುತ್ತ ನಿಂತಳು. ನಾನೂ ನೋಡಿಕೊಂಡೆ. ಬೆರಳು ಗೆಣ್ಣಿನವರೆಗೆ ಮಡಚಿಕೊಂಡಿತ್ತು. ಚಳಿಗೆ ಮುದುಡಿಕೊಂಡಿದೆ ಎಂದು ಅವಳಿಗೆ ಹೇಳಿದೆ.